ಫೈನಲ್ ಅಂದರೆ ಪಕ್ಕದ ಮನೆಯವರ ಜೊತೆಗೇ ಆಗಬೇಕು!

ಏಪ್ರಿಲ್ ಬಂತೆಂದರೆ ಜಯನಗರದ ನಮ್ಮ ಬೀದಿಯಲ್ಲಿ ಎರಡು ಬಗೆಯ ಲೆಕ್ಕಾಚಾರ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಪರ್ಸೆಂಟ್ ಬರಬಹುದು, ಯಾವ ಕಾಲೇಜಿಗೆ ಎಷ್ಟು ಕಟ್ಟಬೇಕಾದೀತು ಎಂಬುದು ಅಪ್ಪ ಅಮ್ಮಂದಿರ ಲೆಕ್ಕ. ಅದೇ ಹೊತ್ತಿಗೆ ಮಕ್ಕಳು ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗುಟ್ಟಾಗಿ ಬೇರೊಂದು ಲೆಕ್ಕ ಹಾಕುತ್ತಿರುತ್ತಾರೆ. ನಮ್ಮ ಬೆಂಗಳೂರು ಉಳಿದ ನಾಲ್ಕು ಪಂದ್ಯ ಗೆದ್ದು, ಹೈದರಾಬಾದ್ ಎರಡು ಸೋತು, ರಾಜಸ್ಥಾನದ ಪಂದ್ಯವೊಂದು ಮಳೆಯಲ್ಲಿ ತೊಳೆದುಹೋದರೆ... ಫೈನಲ್‌ನಲ್ಲಿ ಎದುರಿಗೆ ಯಾರು?

ಆ ಎದುರಾಳಿಯ ಹೆಸರು ಮಾತ್ರ ಯಾವ ವರ್ಷವೂ ಬದಲಾಗುವುದಿಲ್ಲ. ಚೆನ್ನೈ!

ಮುಂಬೈ ತಂಡ ಬಲಿಷ್ಠವಿರಬಹುದು, ಕೋಲ್ಕತ್ತದವರ ಗದ್ದಲ ಜೋರಿರಬಹುದು. ಆದರೆ ಕನಸಿನ ಫೈನಲ್‌ಗೆ ಅವರು ಯಾರೂ ಬೇಡ. ಯಾಕೋ ಎಂದು ಮಗನನ್ನು ಒಮ್ಮೆ ಕೇಳಿದೆ. ಅವನು ತಲೆ ಎತ್ತದೆ ಹೇಳಿದ: "ಅಪ್ಪಾ, ಮುಂಬೈ ಮೇಲೆ ಗೆದ್ದರೆ ಯಾರ ಹತ್ರ ಹೋಗಿ ಹೇಳ್ಲಿ? ಚೆನ್ನೈ ಮೇಲೆ ಗೆದ್ದರೆ ಬೆಳಿಗ್ಗೆ ಮೇಲಕ್ಕೆ ಹೋಗಿ ಬೆಲ್ ಒತ್ತಬಹುದು."

ಮೇಲಕ್ಕೆ ಅಂದರೆ ನಮ್ಮ ಮೊದಲ ಮಹಡಿಗೆ. ಅಲ್ಲಿ ಬಾಡಿಗೆಗಿರುವ ಸಂಸಾರ ಚೆನ್ನೈಯಿಂದ ಬಂದದ್ದು. ಅವರ ಮಗನೂ ನನ್ನ ಮಗನೂ ಒಂದೇ ಕ್ಲಾಸು, ಒಂದೇ ಬೆಂಚು, ಒಂದೇ ಟ್ಯೂಷನ್ನು. ವರ್ಷದ ಹತ್ತು ತಿಂಗಳು ಅವರಿಬ್ಬರನ್ನು ಬೇರ್ಪಡಿಸುವುದು ಕಷ್ಟ. ಉಳಿದ ಎರಡು ತಿಂಗಳು ಒಬ್ಬನಿಗೆ ಕೆಂಪು ಅಂಗಿ, ಇನ್ನೊಬ್ಬನಿಗೆ ಹಳದಿ. ಆಗಲೂ ಬೇರ್ಪಡಿಸುವುದು ಕಷ್ಟವೇ, ಆದರೆ ಕಾರಣ ಬೇರೆ! ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟುಗಳಲ್ಲಿ ಇಂಥ ಮನೆಗಳು ಬೀದಿಗೆ ನಾಲ್ಕಾದರೂ ಸಿಕ್ಕಾವು. ಅಷ್ಟೇಕೆ, ನಮ್ಮ ಜಯನಗರ ಬಡಾವಣೆಗೆ 1948ರಲ್ಲಿ ಚಾಲನೆ ಕೊಡಲು ಬಂದಿದ್ದ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಹುಟ್ಟಿದ್ದು ಗಡಿಯಾಚೆಯ ಹೊಸೂರಿನ ಪಕ್ಕದ ಹಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಗಡಿ ಇರುವುದು ನಕ್ಷೆಯಲ್ಲಿ. ಮಹಡಿ ಮೆಟ್ಟಿಲಿನ ಮೇಲೆ ಅದು ಕಾಣುವುದಿಲ್ಲ.

ಈ ಕನಸು ಐಪಿಎಲ್ ಜೊತೆ ಹುಟ್ಟಿದ್ದೆಂದು ಹುಡುಗರು ತಿಳಿದಿದ್ದಾರೆ. ನಮ್ಮ ತಂದೆಯವರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ರಣಜಿ ಟ್ರೋಫಿಯ ಚರಿತ್ರೆಯ ಮೊಟ್ಟಮೊದಲ ಪಂದ್ಯ ಯಾರ ಯಾರ ನಡುವೆ ಆಯಿತು ಗೊತ್ತೇ? ಮದ್ರಾಸ್ ಮತ್ತು ಮೈಸೂರು! 1934ರ ನವೆಂಬರ್ 4, ಚೆಪಾಕ್ ಮೈದಾನ. ಮದ್ರಾಸಿನ ಎಂ.ಜೆ. ಗೋಪಾಲನ್ ಹಾಕಿದ ಮೊದಲ ಚೆಂಡನ್ನು ಎದುರಿಸಿದವರು ಮೈಸೂರಿನ ಎನ್. ಕರ್ಟಿಸ್. ಮೈಸೂರು 48ಕ್ಕೆ ಆಲೌಟ್, ಮದ್ರಾಸ್ 130, ಮೈಸೂರು ಮತ್ತೆ 59ಕ್ಕೆ ಆಲೌಟ್. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಬೆಳಿಗ್ಗೆ ಶುರುವಾದ ಪಂದ್ಯ ಸಂಜೆಗೆ ಮುಗಿದೇ ಹೋಯಿತು. ಇನಿಂಗ್ಸ್ ಮತ್ತು 23 ರನ್ನುಗಳ ಸೋಲು! ನೆರೆಮನೆಯ ಜೊತೆಗಿನ ಲೆಕ್ಕ ಹೀಗೆ ಸಾಲದಿಂದಲೇ ಆರಂಭವಾಯಿತು ಎನ್ನಿ.

ಆ ಸಾಲವನ್ನು ಫೈನಲ್‌ನಲ್ಲಿ ತೀರಿಸೋಣವೆಂದರೆ ನಿಯಮವೇ ಅಡ್ಡ. ಎರಡೂ ದಕ್ಷಿಣ ವಲಯದ ತಂಡಗಳು. 1970ರವರೆಗೆ ಬಹುತೇಕ ಎಲ್ಲ ಋತುಗಳಲ್ಲೂ ಒಂದೊಂದು ವಲಯದಿಂದ ಒಂದೇ ತಂಡ ಮುಂದಕ್ಕೆ ಹೋಗಬೇಕಿತ್ತು. ಮೈಸೂರು ಹೋದರೆ ಮದ್ರಾಸ್ ಮನೆಗೆ, ಮದ್ರಾಸ್ ಹೋದರೆ ಮೈಸೂರು ಮನೆಗೆ. ಅಂದರೆ ಆ ಋತುಗಳಲ್ಲಿ ಈ ಫೈನಲ್ ಕನಸಿನಲ್ಲಿ ಬಿಟ್ಟು ಬೇರೆಲ್ಲೂ ಸಾಧ್ಯವೇ ಇರಲಿಲ್ಲ. 1970-71ರಿಂದ ವಲಯಕ್ಕೆ ಎರಡು ತಂಡಗಳೆಂದಾಯಿತು. ಆ ವರ್ಷವೇ ಪಶ್ಚಿಮ ವಲಯದ ನೆರೆಯವರಾದ ಮುಂಬೈ ಮತ್ತು ಮಹಾರಾಷ್ಟ್ರ ಫೈನಲ್ ಆಡಿಬಿಟ್ಟವು. ನಮ್ಮವರು ಇನ್ನೂ 25 ವರ್ಷ ಕಾಯಬೇಕಾಯಿತು.

ಕಾಯುವ ಹೊತ್ತಿನಲ್ಲಿ ಮಾತಿಗೇನೂ ಬರವಿರಲಿಲ್ಲ. ಭಾರತದ ಹೆಸರಾಂತ ಸ್ಪಿನ್ ಚತುಷ್ಟಯದಲ್ಲಿ ಬಿಷನ್ ಸಿಂಗ್ ಬೇಡಿಯವರನ್ನು ಬಿಟ್ಟರೆ ಮಿಕ್ಕ ಮೂವರೂ ಈ ಎರಡು ಮನೆಗಳವರೇ. ಪ್ರಸನ್ನ, ಚಂದ್ರಶೇಖರ್ ನಮ್ಮವರು, ವೆಂಕಟರಾಘವನ್ ಅವರವರು. ಪ್ರಸನ್ನ ಮತ್ತು ವೆಂಕಟ್ ಇಬ್ಬರೂ ಆಫ್ ಸ್ಪಿನ್ನರುಗಳು. ಟೆಸ್ಟ್ ತಂಡದಲ್ಲಿ ಸಾಮಾನ್ಯವಾಗಿ ಜಾಗ ಒಬ್ಬರಿಗೆ. ಯಾರಿಗೆ ಕೊಡಬೇಕು ಎಂಬ ವಾದದಲ್ಲಿ ಎಷ್ಟು ಕಾಫಿ ಆರಿಹೋಯಿತೋ ಲೆಕ್ಕವಿಲ್ಲ.

ಇಲ್ಲಿ ಅಪ್ಪ ಅಮ್ಮಂದಿರಿಗೆ ಇಷ್ಟವಾಗುವ ಒಂದು ಮಾತು ಹೇಳಿಬಿಡುತ್ತೇನೆ. ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ ಬಂದ ಮೇಲೆ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಅವರ ಎದುರಾಳಿ ವೆಂಕಟರಾಘವನ್ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನ ಪದವೀಧರರು. ಆಮೇಲೆ ಬಂದ ಶ್ರೀಕಾಂತ್ ಇಂಜಿನಿಯರ್, ಶ್ರೀನಾಥ್ ಇಂಜಿನಿಯರ್, ಕುಂಬ್ಳೆ ಇಂಜಿನಿಯರ್, ಅಶ್ವಿನ್ ಇಂಜಿನಿಯರ್. ಎರಡೂ ರಾಜ್ಯದ ಸಾರ್ವಕಾಲಿಕ ತಂಡ ಕಟ್ಟಿ ಫೈನಲ್ ಆಡಿಸಿದರೆ ಪಂದ್ಯದ ನಡುವೆ ಒಂದು ಸೇತುವೆಯನ್ನೂ ಕಟ್ಟಿಸಬಹುದು! ಹಾಗೆಂದು "ನೋಡು, ಅವರೆಲ್ಲ ಓದಿಕೊಂಡೇ ಆಡಿದರು" ಎಂದು ಮಕ್ಕಳ ತಲೆಗೆ ಕುಟ್ಟಬೇಡಿ. ಓದಿದವರೆಲ್ಲ ಪ್ರಸನ್ನ ಆಗಲಿಲ್ಲ ಎಂಬ ಉತ್ತರ ಅವರ ಬಳಿ ಸಿದ್ಧವಿದೆ. ನನ್ನ ಮನೆಯಲ್ಲಿ ಬಂದಿದೆ.

ಕೊನೆಗೂ ಕನಸಿನ ಫೈನಲ್ ನಡೆದದ್ದು 1995-96ರ ಋತುವಿನಲ್ಲಿ. ನಾನಾಗ ಕಾಲೇಜಿನಲ್ಲಿದ್ದೆ. ಸ್ಥಳ ಅದೇ ಚೆಪಾಕ್, 1934ರ ಸಾಲ ಹುಟ್ಟಿದ ಜಾಗ. ಕರ್ನಾಟಕ ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಟ್ರೋಫಿ ಎತ್ತಿತು. ಗದಗಿನ ಸುನಿಲ್ ಜೋಶಿ ಆ ಒಂದು ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಹೊಡೆದು, 50ಕ್ಕೂ ಹೆಚ್ಚು ವಿಕೆಟ್ ಪಡೆದಿದ್ದರು. ಬೆಳಗಿನ ರೈಲಿನಲ್ಲಿ ಗದಗದಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ವಾಪಸು ಬಂದು ಶಾಲೆಗೆ ಹೋಗುತ್ತಿದ್ದ ಹುಡುಗ ಅವರು. ನಮ್ಮ ತಂದೆ ಪೇಪರಿನ ಕೊನೆಯ ಪುಟ ಓದಿ, ಮಡಿಸಿ, ಕನ್ನಡಕ ತೆಗೆದಿಟ್ಟರು. "ಗೆದ್ದರು, ಸರಿ. ಆದರೆ ಮುನ್ನಡೆ ಮೇಲೆ ಗೆದ್ದದ್ದು ಕಾಗದಪತ್ರ ನೋಡಿ ಸಿವಿಲ್ ಕೇಸು ಗೆದ್ದ ಹಾಗೆ. ಇನಿಂಗ್ಸ್ ಗೆಲುವು ಬೇಕು ಕಣೋ" ಎಂದರು. 62 ವರ್ಷದ ಹಿಂದಿನ ಇನಿಂಗ್ಸ್ ಸೋಲನ್ನು ಅವರು ಯಾವ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರೋ!

ಅದೂ ಆಯಿತು. 2015ರ ಮಾರ್ಚ್, ಮುಂಬೈನ ವಾಂಖೆಡೆ. ಊರೆಲ್ಲ ಆಸ್ಟ್ರೇಲಿಯಾದ ವಿಶ್ವಕಪ್ ನೋಡುತ್ತಿದ್ದಾಗ ಅಲ್ಲಿ ಕರ್ನಾಟಕ ಮತ್ತು ತಮಿಳುನಾಡು ರಣಜಿ ಫೈನಲ್ ಆಡುತ್ತಿದ್ದವು. ವಿನಯ್ ಕುಮಾರ್ ಐದು ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಉರುಳಿಸಿದರು. ಸಂಭ್ರಮಿಸುವಷ್ಟರಲ್ಲಿ ನಮ್ಮದೂ 84ಕ್ಕೆ 5. ಅಲ್ಲಿಂದ ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್ 386 ರನ್ನುಗಳ ಜೊತೆಯಾಟ ಆಡಿದರು. ರಾಹುಲ್ 188. ಕರುಣ್ 328, ರಣಜಿ ಫೈನಲ್‌ನ ಅತಿ ದೊಡ್ಡ ವೈಯಕ್ತಿಕ ಮೊತ್ತ. 1946-47ರಲ್ಲಿ ಗುಲ್ ಮೊಹಮ್ಮದ್ ಮಾಡಿದ್ದ 319ನ್ನು ದಾಟಿದ ಆಟ. ನಾಯಕ ವಿನಯ್ ಕುಮಾರ್ ತಾವೂ ಒಂದು ಶತಕ ಸೇರಿಸಿ ಮೊತ್ತವನ್ನು 762ಕ್ಕೆ ಒಯ್ದರು. ಇನಿಂಗ್ಸ್ ಮತ್ತು 217 ರನ್ನುಗಳ ಗೆಲುವು, ಎಂಟನೇ ರಣಜಿ ಪ್ರಶಸ್ತಿ. ಇದನ್ನು ನೋಡಲು ನಮ್ಮ ತಂದೆ ಇರಲಿಲ್ಲ.

ಸೋಲು ಗೆಲುವು ಎರಡೂ ಕೂದಲೆಳೆಯಷ್ಟು ಹತ್ತಿರ ಬಂದದ್ದು ಆಮೇಲೆ. 2019ರ ಅಕ್ಟೋಬರ್ 25ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ವಿಜಯ್ ಹಜಾರೆ ಟ್ರೋಫಿಯ ಫೈನಲ್. ಅವತ್ತು ಅಭಿಮನ್ಯು ಮಿಥುನ್ ಅವರ 30ನೇ ಹುಟ್ಟುಹಬ್ಬ; ಕೊನೆಯ ಓವರಿನಲ್ಲಿ ಹ್ಯಾಟ್ರಿಕ್ ಪಡೆದು ಆಚರಿಸಿಕೊಂಡರು. ಐದು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 1ರಂದು ಸೂರತ್‌ನಲ್ಲಿ ಮುಷ್ತಾಕ್ ಅಲಿ ಟಿ-20 ಫೈನಲ್, ಅದೇ ಎರಡು ತಂಡಗಳು. ಕೊನೆಯ ಓವರಿನಲ್ಲಿ ತಮಿಳುನಾಡಿಗೆ 13 ರನ್ ಬೇಕು. ಗೌತಮ್ ಹಾಕಿದ ಮೊದಲ ಎರಡು ಚೆಂಡಿಗೆ ಅಶ್ವಿನ್ ಎರಡು ಬೌಂಡರಿ! ಆದರೂ ಕರ್ನಾಟಕ ಒಂದೇ ಒಂದು ರನ್ನಿನಿಂದ ಗೆದ್ದಿತು. ಆ ಒಂದು ರನ್ನಿನ ಬಡ್ಡಿಯನ್ನು ಅವರು 2021ರ ನವೆಂಬರ್ 22ರಂದು ದೆಹಲಿಯಲ್ಲಿ ವಸೂಲು ಮಾಡಿದರು. ಅದೇ ಟ್ರೋಫಿಯ ಫೈನಲ್. ಕೊನೆಯ ಚೆಂಡಿಗೆ ಐದು ರನ್ ಬೇಕು, ಶಾರುಖ್ ಖಾನ್ ಸಿಕ್ಸರ್ ಎತ್ತಿದರು. ಮೇಲಿನ ಮನೆಯಿಂದ ಪಾತ್ರೆ ಬಡಿದ ಸದ್ದು ಕೇಳಿಸಿತು. ಮಗ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆರೆದರೆ ಮೇಲಿನ ಮನೆಯ ಹುಡುಗ, ಕೈಯಲ್ಲಿ ಡಬ್ಬಿ. "ಅಂಕಲ್, ಅಮ್ಮ ಪೊಂಗಲ್ ಕೊಟ್ಟು ಕಳ್ಸಿದಾರೆ" ಅಂದ. ಮುಖದಲ್ಲಿ ನಗು ತಡೆಯಲು ಅವನು ಪಡುತ್ತಿದ್ದ ಕಷ್ಟ ನೋಡಬೇಕಿತ್ತು.

ಐಪಿಎಲ್ ವಿಷಯಕ್ಕೆ ಬಂದರೆ ನಮ್ಮ ಹುಡುಗರ ಕನಸು ನಿಜವಾದದ್ದು 2025ರವರೆಗಿನ 18 ಆವೃತ್ತಿಗಳಲ್ಲಿ ಒಮ್ಮೆ ಮಾತ್ರ. 2011ರ ಮೇ 28, ಚೆಪಾಕ್. ಚೆನ್ನೈ 205. ಬೆಂಗಳೂರಿನ ಕ್ರಿಸ್ ಗೇಲ್‌ರನ್ನು ಅಶ್ವಿನ್ ಮೊದಲ ಓವರಿನಲ್ಲೇ ಸೊನ್ನೆಗೆ ಕಳಿಸಿದರು. 58 ರನ್ನುಗಳ ಸೋಲು. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಆದರೆ ಫೈನಲ್ ಅಲ್ಲದ ಒಂದು ಫೈನಲ್ ಉಂಟು. 2024ರ ಮೇ 18, ಚಿನ್ನಸ್ವಾಮಿ. ಆ ವರ್ಷ ಬೆಂಗಳೂರು ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತ್ತು. ನಂತರ ಸಾಲಾಗಿ ಐದು ಗೆದ್ದು ಕೊನೆಯ ಲೀಗ್ ಪಂದ್ಯಕ್ಕೆ ಬಂದಾಗ ಎದುರಿಗೆ ಚೆನ್ನೈ. ಗೆದ್ದರೆ ಸಾಲದು, ರನ್ ರೇಟಿನಲ್ಲಿ ಚೆನ್ನೈಯನ್ನು ಹಿಂದಿಕ್ಕುವಷ್ಟು ಗೆಲ್ಲಬೇಕು. ಆ ವಾರ ನಮ್ಮ ಊಟದ ಮೇಜಿನ ಮೇಲೆ ಎರಡು ನೋಟ್‌ಬುಕ್, ಒಂದು ಕ್ಯಾಲ್ಕ್ಯುಲೇಟರ್, ಇಬ್ಬರು ಹುಡುಗರು. ಗಣಿತದಲ್ಲಿ ದಶಮಾಂಶವೆಂದರೆ ಓಡಿಹೋಗುತ್ತಿದ್ದ ನನ್ನ ಮಗ ಮೂರನೇ ದಶಮಾಂಶ ಸ್ಥಾನಕ್ಕೆ ಜಗಳ ಮಾಡುತ್ತಿದ್ದ!

ಲೆಕ್ಕ ಕಷ್ಟವಲ್ಲ, ಎಡವುವ ಜಾಗ ಒಂದಿದೆ. ತಂಡ ಹೊಡೆದ ಒಟ್ಟು ರನ್ನನ್ನು ಆಡಿದ ಓವರುಗಳಿಂದ ಭಾಗಿಸಬೇಕು. ಬಿಟ್ಟುಕೊಟ್ಟ ರನ್ನನ್ನು ಬೌಲ್ ಮಾಡಿದ ಓವರುಗಳಿಂದ ಭಾಗಿಸಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ನಿವ್ವಳ ರನ್ ರೇಟ್. ತಂಡ ಆಲೌಟ್ ಆದರೆ ಆಡಿದ್ದು ಹದಿನಾಲ್ಕೇ ಓವರ್ ಆದರೂ ಪೂರ್ತಿ 20 ಎಂದೇ ಹಿಡಿಯಬೇಕು. ಎಡವುವುದು ಎಲ್ಲಿ ಎಂದರೆ, 18.3 ಓವರ್ ಎಂದರೆ ಹದಿನೆಂಟು ಓವರ್ ಮೂರು ಚೆಂಡು. ಓವರಿಗೆ ಆರು ಚೆಂಡು. ಮೂರು ಚೆಂಡು ಅಂದರೆ ಅರ್ಧ ಓವರ್. ಹಾಗಾಗಿ ಭಾಗಿಸಬೇಕಾದ್ದು 18.5ರಿಂದ. 185 ರನ್ನನ್ನು 18.5ರಿಂದ ಭಾಗಿಸಿದರೆ ಸರಿಯಾಗಿ 10. ಅವಸರದಲ್ಲಿ 18.3 ಎಂದು ಒತ್ತಿದರೆ 10.11 ಬರುತ್ತದೆ. ಇಷ್ಟು ವ್ಯತ್ಯಾಸದಲ್ಲಿ ಒಂದು ತಂಡ ಒಳಗೆ, ಇನ್ನೊಂದು ಹೊರಗೆ. ಈ ತಪ್ಪನ್ನು ಮೊದಲು ಹಿಡಿದವನು ಹಳದಿ ಅಂಗಿಯವನು. ಅದರಿಂದ ಲಾಭವಾಗಿದ್ದು ಕೆಂಪಿಗೆ. ಆದರೂ ಹೇಳಿದ.

ಬೆಂಗಳೂರು 218 ಹೊಡೆಯಿತು. ಚೆನ್ನೈ ಗೆಲ್ಲದಿದ್ದರೂ ಸರಿ, 201 ಮುಟ್ಟಿದರೆ ಮುಂದಿನ ಹಂತ ಅವರದು. ಕೊನೆಯ ಓವರಿಗೆ 17 ಬೇಕು. ಯಶ್ ದಯಾಳ್ ಹಾಕಿದ ಮೊದಲ ಚೆಂಡನ್ನು ಧೋನಿ ಸಿಕ್ಸರ್ ಎತ್ತಿದರು, ಎರಡನೆಯದಕ್ಕೆ ಔಟ್. ಚೆನ್ನೈ 191ಕ್ಕೆ ನಿಂತಿತು. ಎರಡೂ ತಂಡಕ್ಕೆ ಸಮ ಸಮ 14 ಅಂಕ. ರನ್ ರೇಟ್ 0.459 ಮತ್ತು 0.392. ನಾಲ್ಕು ದಿನದ ಮೇಲೆ ಬೆಂಗಳೂರು ರಾಜಸ್ಥಾನಕ್ಕೆ ಸೋತು ಹೊರಬಿದ್ದಿತು, ಅದು ಬೇರೆ ಮಾತು. ಮಗ ಈಗಲೂ "ಫೈನಲ್ ಗೆದ್ವಲ್ಲ ಅವತ್ತು" ಎಂದೇ ಹೇಳುವುದು.

ಇಷ್ಟೆಲ್ಲ ನಗುನಗುತ್ತ ಬರೆದೆನಾದರೂ, ಈ ಎರಡು ಮನೆಗಳ ನಡುವೆ ಆಟದ ಜಗಳ ಒಂದೇ ಇರುವುದಲ್ಲ. ಕಾವೇರಿ ಇದೆ. 1991ರ ಡಿಸೆಂಬರ್‌ನಲ್ಲಿ ಈ ಊರು ಕಂಡದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ. 2016ರ ಸೆಪ್ಟೆಂಬರ್ 12ರಂದು ಮತ್ತೆ ಬಸ್ಸುಗಳು ಉರಿದವು, ಕರ್ಫ್ಯೂ ಬಂತು. ಅಂದು ಶಾಲೆಗಳು ಮಕ್ಕಳನ್ನು ಬೇಗ ಬಿಟ್ಟವು. ಮೇಲಿನ ಮನೆಯ ಹುಡುಗನನ್ನೂ ನನ್ನ ಮಗನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುವಾಗ, ಆ ಮಗು ದಾರಿಯಲ್ಲಿ ತಮಿಳಿನಲ್ಲಿ ಏನೋ ಕೇಳಿತು. ನಾನು "ಶ್, ಮನೆಗೆ ಹೋಗಿ ಮಾತಾಡೋಣ" ಎಂದೆ. ನನ್ನ ಊರಿನಲ್ಲಿ, ನನ್ನ ಬೆನ್ನ ಹಿಂದೆ ಕುಳಿತ ಮಗುವಿಗೆ ಅದರ ಭಾಷೆಯಲ್ಲಿ ಮಾತಾಡಬೇಡ ಎಂದದ್ದು ಇವತ್ತಿಗೂ ಚುಚ್ಚುತ್ತದೆ. ಆಚೆ ಕಡೆಯೂ ಹೀಗೆಯೇ. 2018ರ ಏಪ್ರಿಲ್‌ನಲ್ಲಿ ಕಾವೇರಿ ಪ್ರತಿಭಟನೆಯ ಕಾವಿಗೆ ಚೆಪಾಕ್ ಮೈದಾನದೊಳಕ್ಕೆ ಚಪ್ಪಲಿ ಬಿತ್ತು. ಒಂದು ಪಂದ್ಯ ಮುಗಿಸಿ ಚೆನ್ನೈ ತಂಡ ತವರಿನ ಉಳಿದ ಪಂದ್ಯಗಳನ್ನು ಪುಣೆಗೆ ಒಯ್ಯಬೇಕಾಯಿತು.

ಆದರೆ ಅದೇ ಚೆಪಾಕ್‌ನ ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಬೇಕು. 1999ರ ಜನವರಿ 31ರಂದು ಪಾಕಿಸ್ತಾನ ಅಲ್ಲಿ ಭಾರತವನ್ನು 12 ರನ್ನುಗಳಿಂದ ಸೋಲಿಸಿದಾಗ, ಇಡೀ ಚೆಪಾಕ್ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿತು. ಬೆಂಗಳೂರಿನ ಬಸ್ಸು ಉರಿದ ಮೂರೇ ತಿಂಗಳಿಗೆ, 2016ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಅಲ್ಲೇ ನಡೆಯಿತು. ನಮ್ಮ ರಾಹುಲ್ 199ಕ್ಕೆ ಔಟಾದರು, ನಮ್ಮ ಕರುಣ್ ನಾಯರ್ 303 ಹೊಡೆದು ಅಜೇಯರಾಗಿ ಉಳಿದರು. ತಮಿಳುನಾಡನ್ನು ವಾಂಖೆಡೆಯಲ್ಲಿ ನುಚ್ಚುನೂರು ಮಾಡಿದ್ದ ಅದೇ ಜೋಡಿ! ತ್ರಿಶತಕಕ್ಕೆ ಚೆಪಾಕ್ ಚಪ್ಪಾಳೆಯಲ್ಲಿ ಲೋಭ ಮಾಡಲಿಲ್ಲ.

ನೆರೆಯವರ ಫೈನಲ್ಲಿನ ಹುಚ್ಚು ನಮಗಷ್ಟೇ ಎಂದುಕೊಳ್ಳಬೇಡಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ 1989ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಓಕ್ಲೆಂಡ್ ತಂಡಗಳು ವಿಶ್ವ ಸರಣಿಯ ಫೈನಲ್‌ಗೆ ಬಂದವು. ನಡುವೆ ಒಂದು ಕೊಲ್ಲಿ, ಅದರ ಮೇಲೊಂದು ಸೇತುವೆ, ಅಷ್ಟೇ ದೂರ. ಅಕ್ಟೋಬರ್ 17ರ ಸಂಜೆ ಮೂರನೇ ಪಂದ್ಯ ಇನ್ನೇನು ಶುರುವಾಗಬೇಕು, ಭೂಕಂಪ! 63 ಜನ ಸತ್ತರು. ಸೇತುವೆಯ ಒಂದು ಭಾಗವೇ ಕುಸಿಯಿತು. ಪಂದ್ಯ ನೋಡಲೆಂದು ಜನ ಬೇಗ ಮನೆ ಸೇರಿದ್ದರಿಂದ ರಸ್ತೆಗಳಲ್ಲಿ ವಾಹನ ಕಡಿಮೆಯಿತ್ತು, ಇಲ್ಲದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು ಎಂದು ಆಮೇಲೆ ಲೆಕ್ಕ ಹಾಕಿದರು. ಹತ್ತು ದಿನ ಬಿಟ್ಟು ಆಟ ಮುಂದುವರಿಯಿತು. ಓಕ್ಲೆಂಡ್ ಗೆದ್ದಿತು.

ಅಲ್ಲಿ ಆಟ ಜನರನ್ನು ಮನೆಗೆ ಸೇರಿಸಿ ಉಳಿಸಿತು. ನಮ್ಮಲ್ಲಿ ಆದದ್ದು ಇದರ ತಿರುಗುಮುರುಗು. 2025ರ ಜೂನ್ 3ರಂದು ಬೆಂಗಳೂರು ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಸ್ಥಳ ಅಹಮದಾಬಾದ್, ಎದುರಾಳಿ ಪಂಜಾಬ್, ಗೆಲುವಿನ ಅಂತರ ಆರು ರನ್. ಕನಸಿನ ಎದುರಾಳಿ ಚೆನ್ನೈ ಆ ವರ್ಷ ಪಟ್ಟಿಯ ಕಟ್ಟಕಡೆಗೆ ಬಿದ್ದಿತ್ತು. ಮರುದಿನ ಸುಮಾರು 35 ಸಾವಿರ ಜನ ಕೂರಬಹುದಾದ ಚಿನ್ನಸ್ವಾಮಿಯ ಸುತ್ತ ಲಕ್ಷಾಂತರ ಮಂದಿ ಸೇರಿದರು. ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ಹರೆಯದವರು, ವಿದ್ಯಾರ್ಥಿಗಳೂ ಇದ್ದರು.

ಅವತ್ತು ಮಧ್ಯಾಹ್ನ ಇಬ್ಬರು ಹುಡುಗರೂ ಮೆಟ್ರೊ ಹತ್ತಲು ಚಪ್ಪಲಿ ಮೆಟ್ಟಿ ನಿಂತಿದ್ದರು. ಹಳದಿ ಅಂಗಿಯವನೂ ಅಂದು ಗೆಳೆಯನಿಗಾಗಿ ಕೆಂಪು ತೊಟ್ಟಿದ್ದ. ಅವರನ್ನು ತಡೆದದ್ದು ನನ್ನ ಜಾಣತನವಲ್ಲ. ಟ್ಯೂಷನ್ ಮೇಷ್ಟರು ಅಂದೇ ಟೆಸ್ಟ್ ಇಟ್ಟಿದ್ದರು. ಮೇಲಿನ ಮನೆಯ ತಾಯಿ ಮೆಟ್ಟಿಲ ಮೇಲೆ ನಿಂತು, ಟೆಸ್ಟ್ ಬಿಟ್ಟರೆ ಊಟವಿಲ್ಲ ಎಂದುಬಿಟ್ಟರು. ಗೊಣಗುತ್ತ ಹೋದರು. ಸಂಜೆ ಟಿ.ವಿ. ಮುಂದೆ ಎರಡೂ ಮನೆಯವರು ಕೂತಿದ್ದೆವು. ಯಾರೂ ಚಾನೆಲ್ ಬದಲಿಸಲಿಲ್ಲ. ಆ ತಾಯಿ ನನ್ನ ಮಗನ ಕೈಯನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡೇ ಇದ್ದರು.

ಬಹಳ ದಿನ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆ ಖಾಲಿ ಇತ್ತು. ಈಗ ಮತ್ತೆ ತುಂಬುತ್ತಿದೆ. ಮೊನ್ನೆ ಭಾನುವಾರ ಇಬ್ಬರೂ ಸೇರಿ ಮುಂದಿನ ಫೈನಲ್ ನಡೆಸುತ್ತಿದ್ದರು. ಹನ್ನೊಂದು ಹನ್ನೊಂದು ಆಟಗಾರರ ಪಟ್ಟಿ ಆಗಿತ್ತು, ಟಾಸ್ ಕೂಡ ಆಗಿತ್ತು. ಸ್ಥಳ ಮಾತ್ರ ಇತ್ಯರ್ಥವಾಗಿರಲಿಲ್ಲ. ಚಿನ್ನಸ್ವಾಮಿ ಎಂದರೆ ಅವನು ಒಪ್ಪ, ಚೆಪಾಕ್ ಎಂದರೆ ಇವನು ಒಪ್ಪ. ಕೊನೆಗೆ ಭೂಪಟ ತೆಗೆದು, ಸ್ಕೇಲಿಟ್ಟು, ಬೆಂಗಳೂರಿಗೂ ಚೆನ್ನೈಗೂ ಹೆಚ್ಚುಕಡಿಮೆ ನಟ್ಟನಡುವೆ ಇರುವ ಊರನ್ನು ಹುಡುಕಿದರು. ಆಂಬೂರು.

"ಅಲ್ಲಿ ಅಷ್ಟು ದೊಡ್ಡ ಸ್ಟೇಡಿಯಂ ಎಲ್ಲಿದೆಯೋ?" ಎಂದೆ.

"ಸ್ಟೇಡಿಯಂ ಕಟ್ಟಿದ್ರಾಯ್ತು ಅಂಕಲ್" ಎಂದ ಮೇಲಿನ ಮನೆಯವನು. "ಬಿರಿಯಾನಿ ಆಲ್ರೆಡಿ ಇದೆ."